ಎರಡು ಸಲ ಮೇಲೆ, ಒಂದು ಸಲ ಎಂಟರ್

ಇದನ್ನು ಹೇಳುವುದನ್ನು ನಾನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ದಿನ ಎಂದದ್ದು ನನ್ನ ಮರ್ಯಾದೆಗೆ, ಒಂಬತ್ತು ವರ್ಷಗಳಾಗಿವೆ. ಒಮ್ಮೆ ಬರೆಯಲು ಕುಳಿತಾಗ ಪೆನ್ನು ಮುಗಿಯಿತೆಂದು ಎದ್ದೆ. ಪೇಟೆಗೆ ಹೋಗಿ ಹೊಸ ಪೆನ್ನು ತಂದು, ಅದರಿಂದ ಬೀಗರಿಗೆ ಒಂದು ಪತ್ರ ಬರೆದು ಸುಮ್ಮನಾದೆ. ಇನ್ನೊಮ್ಮೆ ಎರಡು ಪುಟ ತುಂಬಿಸಿದೆ. ಓದಿ ನೋಡಿದರೆ ಎರಡೂ ಪುಟ ಗೋಕಾಕದ ಜಲಪಾತದ ವರ್ಣನೆ. ತಪ್ಪು ಮಾಡಿದವನಿಗೆ ಪ್ರಕೃತಿ ವರ್ಣನೆ ಬಲು ಸಲೀಸಾಗಿ ಬರುತ್ತದೆ ಎಂದು ಅವತ್ತು ತಿಳಿಯಿತು. ಹರಿದು ಒಲೆಗೆ ಹಾಕಿದೆ.

ಈ ಸಲ ಕುಳಿತದ್ದಕ್ಕೆ ಕಾರಣ ಹಪ್ಪಳ. ನನ್ನ ಹೆಂಡತಿ ಕಸ್ತೂರಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಾಳೆ. ಮೇಲೊಂದು ತೆಳು ಸೀರೆ ಹೊದಿಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಭಾರ ಇಡುತ್ತಾಳೆ. ಒಂದು ಮೂಲೆಗೆ ಅರೆಯುವ ಗುಂಡುಕಲ್ಲು, ಎರಡಕ್ಕೆ ಇಟ್ಟಿಗೆ, ನಾಲ್ಕನೆಯದಕ್ಕೆ ನನ್ನ ಹಳೆಯ ಕೀಬೋರ್ಡು. ನಾನು ಕೆಲಸ ಮಾಡುತ್ತಿದ್ದ ಕಚೇರಿಯವರು ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ನಾನು ಕೇಳಿ ತಂದದ್ದು ಅದೊಂದೇ. ಯಾಕೆ ತಂದೆ ಎಂದು ಕಸ್ತೂರಿ ಅವತ್ತು ಕೇಳಲಿಲ್ಲ. ಕೇಳಿದ್ದು ಹೋದ ವಾರ.

"ಅಲ್ರಿ, ಎಲ್ಲಾ ಗುಂಡಿ ಮ್ಯಾಲೂ ಗುರ್ತ ಅದಾವು. ಇದೊಂದ ಯಾಕ ಬೋಳ ಆಗೈತಿ?"

"ಅದನ್ನ ಭಾಳ ಒತ್ತೇನಿ."

"ಏನ ಇತ್ತ ಅದರ ಮ್ಯಾಲ?"

"ಬಾಣದ ಗುರ್ತು. ಮ್ಯಾಲಕ ಹೋಗೂ ಬಾಣ."

"ಇಷ್ಟ ಒತ್ತಿ ಎಲ್ಲಿ ಮ್ಯಾಲ ಹೋದ್ರಿ ನೀವು? ಕಾರಕೂನ ಅಂತ ಹೋದ್ರಿ, ಕಾರಕೂನ ಆಗೇ ತಿರಿಗಿ ಬಂದ್ರಿ," ಎಂದು ನಗುತ್ತ ಮೆಟ್ಟಿಲಿಳಿದಳು. ನಾನು ಆ ಬೋಳು ಗುಂಡಿಯನ್ನು ನೋಡುತ್ತ ಬಿಸಿಲಿನಲ್ಲೇ ಕುಳಿತೆ.

ಕಸ್ತೂರಿ ಹೇಳಿದ್ದು ಸರಿ. ಮೂಡಲಗಿ ಕಡೆಯ ಒಂದು ನೀರು ಬಳಕೆದಾರರ ಸಂಘದಲ್ಲಿ ನಾನು ಇಪ್ಪತ್ತಾರು ವರ್ಷ ಕಾರಕೂನನಾಗಿದ್ದೆ. ಕಾಲುವೆಗೆ ನೀರು ಬಂದಾಗ ಯಾವ ತೂಬಿನವರಿಗೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಪಾಳಿ ಹಚ್ಚುವುದು ಸಂಘದ ಕೆಲಸ. ಅದನ್ನು ಬರೆದು ಬೋರ್ಡಿಗೆ ಹಾಕುವುದು ನನ್ನ ಕೆಲಸ. ಮೊದಲು ಕರಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದೆ. ನನ್ನ ಅಕ್ಷರ ಚಂದ. ಮೆಟ್ರಿಕ್‌ನಲ್ಲಿ ನನಗೆ ಒಳ್ಳೆಯ ಮಾರ್ಕು ಬಂದದ್ದು ಅಕ್ಷರಕ್ಕೇ ಹೊರತು ಉತ್ತರಕ್ಕಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

ಅಕ್ಷರದ ಮಾತು ಬಂತು, ಆದ್ದರಿಂದ ಕೌಜಲಗಿಯ ಸಾಲೆಯ ಮಾತನ್ನೂ ಹೇಳಿಬಿಡುತ್ತೇನೆ. ಪಾಟಿಯ ಮೇಲೆ ಬರೆಯುವಾಗ ತಪ್ಪಾದರೆ ನಾವು ಉಗುಳು ಹಚ್ಚಿ ಅಂಗೈಯಿಂದ ಒರೆಸುತ್ತಿದ್ದೆವು. ಒರೆಸಿದರೆ ಮುಗಿಯಿತು, ತಪ್ಪು ಹುಟ್ಟಿಯೇ ಇರಲಿಲ್ಲ. ಐದನೆಯ ಇಯತ್ತೆಗೆ ಹೋಗಿ ನೋಟ್‌ಬುಕ್ಕು ಹಿಡಿದಾಗಲೂ ನಾನು ರಬ್ಬರಿನಿಂದ ಕಾಗದ ತೂತಾಗುವವರೆಗೆ ಉಜ್ಜುತ್ತಿದ್ದೆ. ನಮ್ಮ ಮಾಸ್ತರರು ಆ ತೂತಿನಲ್ಲಿ ಕಿರುಬೆರಳು ತೂರಿಸಿ ಇಡೀ ವರ್ಗಕ್ಕೆ ತೋರಿಸಿದರು.

"ಇದೇನಪಾ, ಇಲಿ ತಿಂದೈತೇನ? ಅಳಸಬ್ಯಾಡ. ತಪ್ಪಿನ ಮ್ಯಾಲ ಒಂದ ಗೆರಿ ಎಳಿ, ಬಾಜೂಕ ಸರಿ ಬರಿ. ಏನ ತಪ್ಪ ಮಾಡಿದ್ದಿ ಅನ್ನೂದು ನನಗ ಕಾಣಬೇಕು."

ಸಂಘದ ರಿಜಿಸ್ಟರಿನಲ್ಲೂ ಅದೇ ರೀತಿ ನಡೆದಿತ್ತು. ತಪ್ಪಿನ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸಣ್ಣ ಸಹಿ. ಇಪ್ಪತ್ತು ವರ್ಷಗಳ ರಿಜಿಸ್ಟರಿನಲ್ಲಿ ನನ್ನ ಗೆರೆಗಳು ಹತ್ತೂ ಇರಲಿಲ್ಲ. ಇದನ್ನು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಅವರು ಕೇಳದಿದ್ದರೂ ಹೇಳುತ್ತಿದ್ದೆ.

ಆಮೇಲೆ ಕಂಪ್ಯೂಟರ್ ಬಂತು. ಬೆಳಗಾವಿಯ ಒಬ್ಬರು ಪಾಳಿಗಾಗಿಯೇ ಒಂದು ಪ್ರೋಗ್ರಾಂ ಬರೆದು ಕೊಟ್ಟಿದ್ದರು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಮಿಣುಕುವ ಒಂದು ಗೆರೆ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು ಹೊಡೆಯಬೇಕು. 'ಪಟ್ಟಿ' ಎಂದು ಹೊಡೆದರೆ ಪಾಳಿಯ ಪಟ್ಟಿ ಅಚ್ಚಾಗಿ ಬರುತ್ತಿತ್ತು. 'ದಾಟು' ಎಂದು ಹೊಡೆದು ತೂಬಿನ ನಂಬರು ಹಾಕಿದರೆ ಆ ತೂಬಿನ ಮುಂದಿನ ಒಂದು ಪಾಳಿಯನ್ನು ದಾಟಿಸಿ ನೀರನ್ನು ಮುಂದಿನವರಿಗೆ ಕೊಡುತ್ತಿತ್ತು. ಪೈಪು ಒಡೆದಾಗ, ದುರಸ್ತಿ ನಡೆದಾಗ ಇದು ಬೇಕಾಗುತ್ತಿತ್ತು. 'ಹೋಗು' ಎಂದರೆ ಮುಚ್ಚಿಕೊಳ್ಳುತ್ತಿತ್ತು. ಹೆಚ್ಚು ಮಾತಿನ ಪ್ರೋಗ್ರಾಂ ಅಲ್ಲ. ಹೇಳಿದ್ದನ್ನು ಮಾಡಿ 'ಆಯ್ತು' ಎನ್ನುತ್ತಿತ್ತು, ಅಷ್ಟೇ.

ಅದರ ಜೊತೆ ನನ್ನ ಸಂಸಾರ ಸುಖದ್ದಾಗಿರಲಿಲ್ಲ. ಒಂದು ಬೆರಳಿನಿಂದ ಉದ್ದನೆಯ ಸಾಲು ಹೊಡೆಯುತ್ತಿದ್ದೆ. ಕೊನೆಗೆ ನೋಡಿದರೆ ಮೊದಲನೆಯ ಅಕ್ಷರವೇ ತಪ್ಪಿರುತ್ತಿತ್ತು. ಅಲ್ಲಿಗೆ ಹಿಂದಕ್ಕೆ ಹೋಗಿ ಅದೊಂದನ್ನೇ ತಿದ್ದೋಣವೆಂದು ಬಾಣದ ಗುಂಡಿ ಒತ್ತಿದರೆ ಟೊಪ್ಪಿಗೆಯಂಥ ಒಂದು ಗುರುತು, ಎರಡು ಕಂಸ, ಒಂದು ಇಂಗ್ಲಿಷ್ ಅಕ್ಷರ ಪರದೆಯ ಮೇಲೆ ಉದುರುತ್ತಿದ್ದವು. ಇನ್ನೊಮ್ಮೆ ಒತ್ತಿದರೆ ಇನ್ನೊಂದು ಟೊಪ್ಪಿಗೆ. ಇಡೀ ಸಾಲನ್ನು ಹಿಂದಿನಿಂದ ಅಳಿಸುತ್ತ ಬಂದು ಮತ್ತೆ ಮೊದಲಿನಿಂದ ಹೊಡೆಯಬೇಕು. ಕೆಲವು ಸಲ ಅದರಲ್ಲೇ ಊಟದ ಹೊತ್ತಾಗುತ್ತಿತ್ತು.

ಆಗ ಅವರು ಬಂದರು. ಅವರ ಹೆಸರನ್ನು ಈಗ ಬರೆಯುವುದಿಲ್ಲ, ಕೊನೆಗೆ ಬರೆಯುತ್ತೇನೆ. ಸಂಘದಲ್ಲಿ ಎಲ್ಲರೂ ಅಕ್ಕೋರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನಲವತ್ತರ ಹತ್ತಿರದ ಹೆಣ್ಣುಮಗಳು. ದಿನಾ ಹುಕ್ಕೇರಿಯಿಂದ ಬಸ್ಸು ಹತ್ತಿ, ಗೋಕಾಕದಲ್ಲಿ ಬಸ್ಸು ಬದಲಿಸಿ, ಹತ್ತು ಗಂಟೆಗೆ ಸರಿಯಾಗಿ ಬರುತ್ತಿದ್ದರು. ಕಂಪ್ಯೂಟರಿನ ಕೆಲಸಕ್ಕೆಂದೇ ಅವರನ್ನು ತೆಗೆದುಕೊಂಡಿದ್ದರು. ಒಂದು ವಾರ ನನ್ನ ಒದ್ದಾಟ ನೋಡಿ, ಎಂಟನೆಯ ದಿನ ಖುರ್ಚಿ ಎಳೆದುಕೊಂಡು ಕುಳಿತರು.

"ಕಾಕಾ, ಸ್ವಲ್ಪ ಸರೀರಿ. ನಿಮ್ಮ ಟೊಪ್ಪಿಗಿ ಅಂಗಡಿ ಬಂದ ಮಾಡತೇನಿ."

"ಪ್ರೋಗ್ರಾಂ ತಿದ್ದತೀರೇನ? ಬೆಳಗಾಂವದವರು ಮುಟ್ಟಬ್ಯಾಡಂದಾರ."

"ಅದನ್ನ ಮುಟ್ಟೂದಿಲ್ರಿ. ಕೌದಿಗಿ ಗಲೀಫ ಹಾಕಿದಂಗ. ಒಳಗಿನ ಕೌದಿ ಅದ ಇರತೈತಿ, ಮ್ಯಾಲ ಕೈಗೆ ಮೆತ್ತಗ ಆಕ್ಕೈತಿ."

ಅಷ್ಟೇ ಆದದ್ದು. ಪುಕ್ಕಟೆ ಸಿಗುವ ಒಂದು ಸಣ್ಣ ಸಾಧನವನ್ನು ಇಂಟರ್ನೆಟ್ಟಿನಿಂದ ಇಳಿಸಿದರು. ಪಾಳಿಯ ಪ್ರೋಗ್ರಾಮನ್ನು ಶುರು ಮಾಡುವ ಮಾತಿನ ಮುಂದೆ ಇನ್ನೊಂದು ಮಾತು ಸೇರಿಸಿದರು. ನಾವು ಹೊಡೆದದ್ದು ಮೊದಲು ಆ ಗಲೀಫಿನ ಕೈಗೆ ಹೋಗುತ್ತದೆ, ನಾವು ತಿದ್ದಿ ಎಂಟರ್ ಒತ್ತಿದ ಮೇಲೆ ಅದು ಒಳಗೆ ಕೊಡುತ್ತದೆ. ಒಳಗಿನ ಪ್ರೋಗ್ರಾಮಿಗೆ ಹೊರಗೆ ಏನು ನಡೆಯಿತೆಂದು ಗೊತ್ತೇ ಆಗುವುದಿಲ್ಲ. ಎಡಕ್ಕೆ ಒತ್ತಿದರೆ ಸಾಲಿನೊಳಗೆ ಎಡಕ್ಕೆ ಹೋಯಿತು. ಒಂದೇ ಅಕ್ಷರ ತಿದ್ದಿದೆ. ಮೇಲಿನ ಬಾಣ ಒತ್ತಿದರೆ ಹಿಂದೆ ಹೊಡೆದ ಸಾಲು ತಾನೇ ಬಂದು ಎದುರು ನಿಂತಿತು. ಇನ್ನೊಮ್ಮೆ ಒತ್ತಿದರೆ ಅದಕ್ಕೂ ಹಿಂದಿನದು.

"ನಾ ಹೊಡದದ್ದೆಲ್ಲಾ ನೆನಪ ಇಟಗೊಂತೈತೇನ ಇದು?" ಎಂದೆ.

"ಎಲ್ಲಾ. ಬಂದ ಮಾಡಿ ನಾಳೆ ಬಂದ್ರೂ ನೆನಪ ಇರತೈತ್ರಿ. ಒಂದ ಫೈಲಿನಾಗ ಸಾಲಕ ಸಾಲ ಬರಕೊಂಡ ಕುಂತಿರತೈತಿ." ಆ ಫೈಲನ್ನು ತೆರೆದೂ ತೋರಿಸಿದರು. "ಒಂದ ಮಾತ ಬೆನ್ನಿಗೆ ಬೆನ್ನ ಎರಡ ಸಲ ಹೊಡದ್ರ ಮಾತ್ರ ಒಂದ ಸಲ ಬರಕೊಂತೈತಿ. ನಮ್ಮತ್ತಿ ಹಂಗಲ್ಲ. ಆಕಿ ಒಂದ ಸಲ ಅಂದದ್ದನ್ನ ನಾಕ ಸಲ ಮಾಡಿ ಹೇಳತಾಳ."

ಇಬ್ಬರೂ ನಕ್ಕೆವು. ನನಗೆ ಅತ್ತೆಯ ಮಾತು ನೆನಪಿನಲ್ಲಿ ಉಳಿಯಿತು. ಅದರ ಹಿಂದಿನದು ಉಳಿಯಲಿಲ್ಲ.

ಸುಖ ಬಂದರೆ ಮನುಷ್ಯ ಓದುವುದನ್ನು ಬಿಡುತ್ತಾನೆ. ನನ್ನ ದಿನದ ಕೆಲಸದಲ್ಲಿ ಕೊನೆಯ ಎರಡು ಸಾಲು ಯಾವಾಗಲೂ ಒಂದೇ: 'ಪಟ್ಟಿ', ಆಮೇಲೆ 'ಹೋಗು'. ಆದ್ದರಿಂದ ಮರುದಿನ ಮುಂಜಾನೆ ಬಂದು ಎರಡು ಸಲ ಮೇಲಿನ ಬಾಣ, ಒಂದು ಸಲ ಎಂಟರ್ ಒತ್ತಿದರೆ ಪಟ್ಟಿ ಅಚ್ಚಾಗುತ್ತಿತ್ತು. ಪರದೆ ನೋಡುವ ಕಾರಣವೇ ಇರಲಿಲ್ಲ. ಬಲಗೈ ಗುಂಡಿ ಒತ್ತುವಾಗ ಎಡಗೈಯಲ್ಲಿ ಚಹಾ ಇರುತ್ತಿತ್ತು. ಅಕ್ಕೋರು ಒಂದೆರಡು ಸಲ ಹೇಳಿದರು. "ಕಾಕಾ, ಒತ್ತೂ ಮೊದಲ ಸಾಲ ಓದ್ರಿ. ಅದು ನೆನಪ ಮಾಡಿ ಕೊಡತೈತಿ, ಸರಿ ಐತೋ ಇಲ್ಲೋ ಹೇಳೂದಿಲ್ಲ." ನಾನು ಹೂಂ ಎಂದೆ. ಇಪ್ಪತ್ತು ವರ್ಷದಲ್ಲಿ ಹತ್ತು ಗೆರೆಯೂ ಎಳೆಯದವನಿಗೆ ಓದು ಎನ್ನುವವರು ಇವರು ಯಾರು ಎಂದು ಒಳಗೆ ಅಂದುಕೊಂಡಿದ್ದೆ.

ಒಂದು ಶನಿವಾರ ಕೌಜಲಗಿಯಲ್ಲಿ ತಂಗಿಯ ಮಗಳ ಕುಬಸದ ಕಾರ್ಯವಿತ್ತು. ನಾನು ಮಧ್ಯಾಹ್ನವೇ ಹೊರಟೆ. ನಾನು ಹೋದ ಮೇಲೆ ನೀರಗಂಟಿ ಬಂದು ನಾಗನೂರಿನ ಹನ್ನೊಂದನೆಯ ತೂಬಿನ ಪೈಪು ಬಿರುಕು ಬಿಟ್ಟಿದೆ, ಈ ಪಾಳಿಗೆ ನೀರು ಬಿಡಬೇಡಿ ಎಂದು ಹೇಳಿದನಂತೆ. ಅಕ್ಕೋರು 'ದಾಟು 11' ಎಂದು ಹೊಡೆದರು, 'ಹೋಗು' ಎಂದು ಹೊಡೆದು ಬಸ್ಸಿಗೆ ಹೋದರು. ಸೋಮವಾರ ಮುಂಜಾನೆ ನಾನು ಬಂದೆ. ಎಡಗೈಯಲ್ಲಿ ಚಹಾ. ಎರಡು ಸಲ ಮೇಲೆ, ಒಂದು ಸಲ ಎಂಟರ್. 'ಆಯ್ತು' ಎಂದಿತು. ಪ್ರಿಂಟರು ಅಲುಗಲಿಲ್ಲ. ಕಾಗದ ಸಿಕ್ಕಿರಬೇಕೆಂದು ಅದರ ಬೆನ್ನಿಗೆ ಎರಡು ಬಡಿದೆ. ಆಮೇಲೆ ಕೈಯಿಂದಲೇ 'ಪಟ್ಟಿ' ಎಂದು ಹೊಡೆದೆ. ಪಟ್ಟಿ ಬಂತು, ಬೋರ್ಡಿಗೆ ಹಚ್ಚಿದೆ. ಎರಡು ಸಲ ಮೇಲೆ ಹೋದಲ್ಲಿ ಅವತ್ತು ಇದ್ದದ್ದು 'ಪಟ್ಟಿ' ಅಲ್ಲ, ಅಕ್ಕೋರ 'ದಾಟು 11'. ನಾಗನೂರಿನ ಒಂದಲ್ಲ, ಎರಡು ಪಾಳಿ ದಾಟಿ ಹೋಗಿದ್ದವು.

ಪೈಪು ನಾಲ್ಕೇ ದಿನದಲ್ಲಿ ದುರಸ್ತಿಯಾಯಿತು. ಮುಂದಿನ ಪಾಳಿಯ ಪಟ್ಟಿಯಲ್ಲೂ ಹನ್ನೊಂದನೆಯ ನಂಬರು ಇರಲಿಲ್ಲ. ಅಚ್ಚು ತೆಗೆದ ನಾನು ಓದಲಿಲ್ಲ. ನಾಗನೂರಿನವರು ಇನ್ನೂ ಏನೋ ಕೆಲಸ ಉಳಿದಿರಬೇಕೆಂದು ಎರಡು ದಿನ ಕಾದರು. ಅಷ್ಟರಲ್ಲಿ ನೀರು ಕೊನೆಯ ತೂಬಿಗೆ ಹೋಗಿ, ಮೇಲಿನಿಂದ ಕಾಲುವೆ ಬಂದ್ ಆಯಿತು. ಆ ತೂಬಿನ ಕೆಳಗೆ ಹನ್ನೊಂದು ಮನೆಯವರ ಹೊಲ. ಬಾವಿ ಇದ್ದವರು ಹೇಗೋ ಸಾಗಿಸಿದರು. ಇಲ್ಲದವರ ಅರಿಶಿಣದ ಎಲೆ ಅಂಚಿನಿಂದ ಸುಟ್ಟಂತೆ ಒಣಗತೊಡಗಿತು.

ಅವರೆಲ್ಲ ಒಂದು ಮಧ್ಯಾಹ್ನ ಸಂಘಕ್ಕೆ ಬಂದರು. ಮುಂದೆ ಇದ್ದವನು ಭೀಮಪ್ಪ. ಬಾವಿ ಇಲ್ಲದವನು. ಕೈಯಲ್ಲಿ ಒಂದು ಒಣಗಿದ ಎಲೆ ಹಿಡಿದಿದ್ದ.

"ಏನ್ರಿ ಕಾರಕೂನ ಸಾಹೇಬ್ರ, ನಿಮ್ಮ ನಕಾಶಿದಾಗ ನಾಗನೂರ ಐತೋ, ಅಳಿಸೀರೋ?"

ಅಧ್ಯಕ್ಷರು ಹೊರಗೆ ಬಂದು ಎಲ್ಲರನ್ನೂ ಕೂರಿಸಿದರು. ಒಂದು ಪಾಳಿ ದಾಟಿಸಿದ್ದು ಸರಿ, ಎರಡನೆಯದನ್ನು ದಾಟಿಸಿದವರು ಯಾರು ಎಂದು ಕೇಳಿದರು. ನಾನು ಆ ಕ್ಷಣದಲ್ಲೇ ತಿಳಿದುಕೊಂಡೆ. ಪ್ರಿಂಟರಿನ ಬೆನ್ನಿಗೆ ಬಡಿದದ್ದು ನನ್ನ ಅಂಗೈಗೆ ನೆನಪಾಯಿತು.

"ಎಲ್ಲಾ ಫೈಲಿನಾಗ ಬರಕೊಂಡಿರತೈತ್ರಿ," ಎಂದರು ಅಕ್ಕೋರು. "ನಾಳೆ ಮುಂಜಾನೆ ಎಲ್ಲಾರ ಮುಂದ ತಗದ ತೋರಸ್ತೇನಿ. ಈಗ ನನ್ನ ಬಸ್ಸಿನ ಹೊತ್ತಾತು."

"ಆತು," ಎಂದರು ಅಧ್ಯಕ್ಷರು. "ಯಾರ ತಪ್ಪ ಐತಿ ಅವರು ಈ ಮಂದಿ ಮುಂದ ಕೈ ಮುಗದು ತಪ್ಪಾತು ಅನ್ನಬೇಕು. ಕೆಲಸದಾಗ ಇರಬೇಕೋ ಬ್ಯಾಡೋ ಅನ್ನೂದು ಕಮೀಟಿ ಆಮ್ಯಾಲ ನೋಡತೈತಿ."

ನನಗೆ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಕೆಲಸದ ಹೆದರಿಕೆಗಿಂತ ದೊಡ್ಡದು ಇನ್ನೊಂದಿತ್ತು. ಆ ಹತ್ತು ಗೆರೆಗಳ ಜಂಬ.

ಐದೂವರೆಗೆ ಎಲ್ಲರೂ ಹೋದರು. ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ನಾನು ಆ ಫೈಲನ್ನು ತೆರೆದೆ. ಅದರಲ್ಲಿ ತಾರೀಖು ಇರಲಿಲ್ಲ, ಹೊಡೆದವರ ಹೆಸರೂ ಇರಲಿಲ್ಲ. ಆದರೆ ಪ್ರತಿ ದಿನದ ಕೊನೆಗೆ ಒಂದು 'ಹೋಗು' ಇರುತ್ತಿತ್ತು. ಅವನ್ನು ಎಣಿಸುತ್ತ ಹೋದರೆ ದಿನ ಸಿಗುತ್ತಿತ್ತು. ಆ ಶನಿವಾರ ಸಿಕ್ಕಿತು. 'ದಾಟು 11', ಕೆಳಗೆ 'ಹೋಗು', ಅದರ ಕೆಳಗೆ ಮತ್ತೆ 'ದಾಟು 11', ಆಮೇಲೆ 'ಪಟ್ಟಿ'. ಸೋಮವಾರದ ಪಟ್ಟಿ ತೆಗೆಯುವವನು ನಾನೇ ಎಂಬುದು ಇಡೀ ಸಂಘಕ್ಕೆ ಗೊತ್ತು.

ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ನಡುವಿನ 'ಹೋಗು' ಎಂಬ ಒಂದು ಮಾತನ್ನು ಅಳಿಸಿ, ಒಂದು ಸಾಲು ಕೆಳಗೆ ಬರೆದೆ. ಈಗ ಎರಡು 'ದಾಟು 11' ಒಂದರ ಕೆಳಗೊಂದು ನಿಂತವು, ಎರಡೂ ಶನಿವಾರದವಾದವು. ಸಾಲಿನ ನಡುವೆ ಹೋಗಿ ತಿದ್ದುವುದನ್ನು ಅವರಿಂದಲೇ ಕಲಿತಿದ್ದೆ. ಪಾಟಿ ಒರೆಸಿದಷ್ಟೇ ಹೊತ್ತು ಹಿಡಿಯಿತು.

ಮರುದಿನ ಅಧ್ಯಕ್ಷರು, ಭೀಮಪ್ಪ ಮತ್ತು ಇನ್ನಿಬ್ಬರು ಪರದೆಯ ಮುಂದೆ ನಿಂತರು. ಅಕ್ಕೋರು ಫೈಲು ತೆರೆದು ಬೆರಳಿಟ್ಟು ಸಾಲುಗಳನ್ನು ಎಣಿಸುತ್ತ ಬಂದರು. ಆ ಎರಡು ಸಾಲಿನ ಮೇಲೆ ಬೆರಳು ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಅವರು ತಿರುಗಿ ನನ್ನನ್ನು ನೋಡಿದರು.

"ಎರಡ ಸಲ ಐತ್ರಿ," ಎಂದರು.

"ಅಂದ್ರ ಶನಿವಾರ ನೀವ ಎರಡ ಸಲ ಹೊಡದೀರಿ," ಎಂದರು ಅಧ್ಯಕ್ಷರು.

"ಹಂಗ ಕಾಣಸ್ತೈತ್ರಿ." ಅವರು ನನ್ನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. "ಕಾಕಾ, ನೀವೇನಂತೀರಿ?"

ಒಂದು ಮಾತು ಹೇಳುವಷ್ಟು ಜಾಗ ಅವರು ನನಗೆ ಮಾಡಿ ಕೊಟ್ಟಿದ್ದರು. ನಾನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದೆ.

"ಮಶೀನ ಏನ ಸುಳ್ಳ ಹೇಳೂದಿಲ್ಲಲ್ರಿ," ಎಂದೆ.

ಅವರು ಫೈಲು ಮುಚ್ಚಿ ಹೊರಗೆ ನಡೆದರು. ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಹನ್ನೊಂದು ಮನೆಯವರು ಕುಳಿತಿದ್ದರು. ಅಕ್ಕೋರು ಅವರೆದುರು ನಿಂತು ಕೈಮುಗಿದರು. "ನಿಮ್ಮ ಪಾಳಿ ತಪ್ಪೈತಿ. ತಪ್ಪಾತ್ರಿ," ಎಂದರು. 'ನಾನೇ ಎರಡು ಸಲ ಹೊಡೆದೆ' ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ ಎಂಬುದನ್ನು ನಾನೊಬ್ಬನೇ ಗಮನಿಸಿದೆ. ಹಿಂದಿನ ದಿನ ಕೂಗಾಡಿದ್ದ ಭೀಮಪ್ಪನೇ ಮುಂದೆ ಬಂದ.

"ಇರಲಿ ತಗೀಯವ್ವಾ. ಕೈ ಇಳಿಸು. ಬೇಕಂತ ಮಾಡಿದವರ ಇಷ್ಟ ಮಂದಿ ಮುಂದ ನಿಂದರೂದಿಲ್ಲ."

ನಾನು ಒಳಗೆ, ಕಿಟಕಿಯ ಪಕ್ಕ ಇದ್ದೆ.

ಕಮೀಟಿಯವರು ಅವರನ್ನು ತೆಗೆಯಲಿಲ್ಲ. ತಿಂಗಳು ತುಂಬಿದ ಮೇಲೆ ಅವರೇ ಬಿಟ್ಟರು. ಹೋಗುವ ದಿನ ನನಗೆ ಒಂದು ಹಾಳೆ ಕೊಟ್ಟರು. ಪ್ರೋಗ್ರಾಂ ಕೆಟ್ಟರೆ ಏನು ಮಾಡಬೇಕು, ಗಲೀಫು ಕಳಚಿದರೆ ಮತ್ತೆ ಹೇಗೆ ಹಾಕಬೇಕು ಎಂದು ದೊಡ್ಡ ಅಕ್ಷರದಲ್ಲಿ, ನನ್ನ ಕಣ್ಣಿಗೆ ಕಾಣುವಂತೆ ಬರೆದಿದ್ದರು.

ಅವರಿಗೆ ಏನೂ ತಿಳಿದಿಲ್ಲ, ತಮ್ಮದೇ ಬೆರಳು ತಪ್ಪಿತೆಂದು ನಂಬಿದ್ದಾರೆ ಎಂದು ನಾನು ಎರಡು ತಿಂಗಳು ಅಂದುಕೊಂಡಿದ್ದೆ. ಆ ಸಮಾಧಾನವೂ ಒಂದು ಮುಂಜಾನೆ ಹೋಯಿತು. ಪ್ರಿಂಟರಿನಲ್ಲಿ ಕಾಗದ ಹರಿದು ಎರಡು ಸಲ 'ಪಟ್ಟಿ' ಹೊಡೆಯಬೇಕಾಯಿತು. ಯಾಕೋ ಆ ಫೈಲನ್ನು ತೆರೆದು ನೋಡಿದೆ. ಅದರಲ್ಲಿ ಒಂದೇ 'ಪಟ್ಟಿ' ಇತ್ತು. ಮತ್ತೆ ಐದು ಸಲ ಹೊಡೆದೆ. ಐದು ಹಾಳೆ ಅಚ್ಚಾದವು, ಫೈಲಿನಲ್ಲಿ ಆಗಲೂ ಒಂದೇ. ಆಗ ಅವರ ಅತ್ತೆಯ ಮಾತು ನೆನಪಾಯಿತು, ಅದರ ಹಿಂದಿನ ಮಾತೂ ನೆನಪಾಯಿತು. ಬೆನ್ನಿಗೆ ಬೆನ್ನು ಹೊಡೆದ ಒಂದೇ ಮಾತನ್ನು ಅದು ಎರಡು ಸಲ ಬರೆದುಕೊಳ್ಳುವುದಿಲ್ಲ. ಒಂದರ ಕೆಳಗೊಂದು ಎರಡು 'ದಾಟು 11' ಆ ಫೈಲಿನಲ್ಲಿ ತಾವಾಗಿ ಎಂದೂ ಬರಲಾರವು. ಯಾರಾದರೂ ಕೈಯಿಂದ ಇಟ್ಟರೆ ಮಾತ್ರ ಬರುತ್ತವೆ. ಎರಡನೆಯದನ್ನು ಬರೆದುಕೊಳ್ಳದಂತೆ ಗಲೀಫನ್ನು ಹೊಂದಿಸಿದವರು ಅಕ್ಕೋರೇ. ಬೆರಳು ನಿಂತ ಆ ಕ್ಷಣದಲ್ಲೇ ಅವರಿಗೆ ಗೊತ್ತಾಗಿತ್ತು. ಗೊತ್ತಿದ್ದೇ ನನ್ನನ್ನು ಕೇಳಿದ್ದರು.

ಯಾಕೆ ಹೇಳಲಿಲ್ಲ ಎಂದು ನಾನು ಹಲವು ರೀತಿ ಯೋಚಿಸಿದ್ದೇನೆ. ನನ್ನ ವಯಸ್ಸಿಗೆ ಮರುಗಿದರೋ, ಅಸಹ್ಯಪಟ್ಟರೋ ತಿಳಿಯದು. ಅವರ ಮನಸ್ಸಿನ ಸಾಲನ್ನೂ ನಾನೇ ತಿದ್ದಿ ಬರೆಯುವುದು ಬೇಡ.

ನಿವೃತ್ತಿಯ ಮೇಲೆ ಒಮ್ಮೆ ಹುಕ್ಕೇರಿಗೆ ಹೋದೆ. ಸಂತೆಯ ದಿನ. ತಹಸೀಲ್ದಾರ ಕಚೇರಿಯ ಹತ್ತಿರ ಅವರು ಅರ್ಜಿ ತುಂಬಿ ಕೊಡುವ, ಝೆರಾಕ್ಸ್ ಮಾಡುವ ಅಂಗಡಿ ಇಟ್ಟಿದ್ದಾರೆಂದು ಗೊತ್ತಿತ್ತು. ಗೋಕಾಕದಿಂದ ಬಸ್ಸಿನಲ್ಲಿ ಕುಳಿತು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಅಂಗಡಿಯ ಮುಂದೆ ಸಾಲಿತ್ತು, ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಅವರ ಕೂದಲು ಮುಂದೆ ಬೆಳ್ಳಗಾಗಿತ್ತು.

"ಬರ್ರಿ ಕಾಕಾ. ಆರಾಮ ಅದೀರಿ? ಏನ ಆಗಬೇಕಿತ್ತು?"

"ಆಧಾರ ಕಾರ್ಡಿಂದ ಒಂದ ಝೆರಾಕ್ಸ," ಎಂದೆ.

ಮಾಡಿಕೊಟ್ಟರು. ಹಾಳೆಯನ್ನು ನನ್ನ ಕೈಗೆ ಕೊಡುವಾಗ ಒಂದು ಕ್ಷಣ ತಾವೂ ಹಿಡಿದುಕೊಂಡಿದ್ದರು.

"ಬ್ಯಾರೆ ಏನರ ಐತೇನ್ರಿ?"

"ಏನಿಲ್ಲವ್ವಾ."

"ಈಗೂ ಎರಡ ಸಲ ಮ್ಯಾಲ ಒತ್ತತೀರೇನ?"

ಕೇಳಿದ ರೀತಿಯಲ್ಲಿ ಕೊಂಕು ಇರಲಿಲ್ಲ, ಅದೇ ನನ್ನನ್ನು ಕೆಡವಿತು. ಈಗ ಕಂಪ್ಯೂಟರ್ ಮುಟ್ಟುವುದಿಲ್ಲ ಎಂದು ಏನೋ ಗೊಣಗಿದೆ. ಹಿಂದಿದ್ದವನು "ಅಜ್ಜಾರ, ಸರೀರಿ" ಎಂದ. ಸರಿದೆ. ಆ ಝೆರಾಕ್ಸು ಇನ್ನೂ ನನ್ನ ಟ್ರಂಕಿನಲ್ಲಿದೆ.

ಕಸ್ತೂರಿಗೆ ಇದನ್ನೆಲ್ಲ ನಿನ್ನೆ ಓದಿ ಹೇಳಿದೆ. ಅವಳು ಹಪ್ಪಳದ ಡಬ್ಬಿಯ ಮುಚ್ಚಳ ಹಾಕುತ್ತ, "ನನಗ ಓದಿ ಹೇಳಿದ್ರ ಏನ ಬಂತು? ಆಕಿ ಹೆಸರ ಹಾಕ್ರಿ," ಎಂದಳು.

ಈ ಕಾಗದದ ಮೇಲೆ ಹಲವು ಸಾಲುಗಳಿಗೆ ಗೆರೆ ಎಳೆದಿದ್ದೇನೆ. ಯಾವುದನ್ನೂ ಉಜ್ಜಿ ಅಳಿಸಿಲ್ಲ. ಗೆರೆಯ ಕೆಳಗೆ ಓದಿದರೆ ಅಲ್ಲೆಲ್ಲ ನನ್ನ ನೆಪಗಳೇ ಇವೆ. ಅವನ್ನು ಬಿಟ್ಟರೆ ಉಳಿಯುವುದು ಇಷ್ಟು. ನಾಗನೂರಿನ ಎರಡನೆಯ ಪಾಳಿ ದಾಟಿಸಿದವನು ನಾನು. ನಡುವಿನ ಸಾಲನ್ನು ಕಿತ್ತು ಕೆಳಗಿಟ್ಟವನು ನಾನು. ಮಶೀನು ಸುಳ್ಳು ಹೇಳುವುದಿಲ್ಲ ಎಂದವನು ನಾನು. ಬೇವಿನ ಗಿಡದ ಕೆಳಗೆ ಕೈಮುಗಿದು ನಿಲ್ಲಬೇಕಾಗಿದ್ದವನು ನಾನು. ನಿಂತವರು ಹುಕ್ಕೇರಿಯ ಸುವರ್ಣಾ ಹಂಚಿನಮನಿ.